ದನಕುರಿಗಳಿಗೆ ಲಸಿಕೆ: ಮಳೆಗೆ ಮುಂಚೆಯೇ ಏಕೆ?



ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಯಲ್ಲಿ ಮಳೆಯನ್ನು ನಂಬಿ ಬಾಳುವುದು ಎಷ್ಟು ಕಷ್ಟ ಎಂಬುದನ್ನು ನಿಮಗೆ ಬೇರೆಯವರು ಹೇಳಬೇಕಾಗಿಲ್ಲ. ಶೇಂಗಾ ಕೈಕೊಟ್ಟ ವರ್ಷ, ರಾಗಿ ಒಣಗಿದ ವರ್ಷ, ಮನೆಯನ್ನು ನಡೆಸುವುದು ರೊಪ್ಪದಲ್ಲಿರುವ ನಾಲ್ಕು ಕುರಿ, ಕೊಟ್ಟಿಗೆಯಲ್ಲಿರುವ ಒಂದು ಹಸು. ಮಗಳ ಮದುವೆಗೂ ಅದೇ, ಸಾಲದ ಕಂತಿಗೂ ಅದೇ. ಹೀಗಿರುವಾಗ, "ನಿನ್ನೆ ಸಂಜೆ ಚೆನ್ನಾಗಿ ಮೇದು ಬಂದಿತ್ತು, ಬೆಳಗಾಗೋ ಹೊತ್ತಿಗೆ ಕಾಲು ಚಾಚಿಬಿಟ್ಟಿತ್ತು" ಎಂಬ ಮಾತು ಮುಂಗಾರು ಶುರುವಾದ ಕೂಡಲೇ ಊರೂರಲ್ಲಿ ಕೇಳಿಬರುತ್ತದೆ.

ಒಂದು ಸತ್ತ ಮೇಲೆ, ಎರಡು ಸತ್ತ ಮೇಲೆ ಪಶು ಆಸ್ಪತ್ರೆಗೆ ಓಡುತ್ತೇವೆ. ಲಸಿಕೆ ಹಾಕಿಸುತ್ತೇವೆ. ಅದಾದ ಮೇಲೂ ಮತ್ತೆ ನಾಲ್ಕು ಸಾಯುತ್ತವೆ. ಆಗ "ಲಸಿಕೆ ಹಾಕ್ಸಿದ್ರೂ ಸತ್ತವಪ್ಪ, ಸುಮ್ನೆ ದಂಡ" ಎನ್ನುತ್ತೇವೆ. ತಪ್ಪು ಲಸಿಕೆಯದೇ, ನಾವು ಹಾಕಿಸಿದ ಹೊತ್ತಿನದೇ? ಇದನ್ನು ಇಂದು ಸ್ವಲ್ಪ ವಿಚಾರ ಮಾಡೋಣ. ಅದಕ್ಕೆ ಮೊದಲು, ಲಸಿಕೆ ಮೈಯೊಳಗೆ ಹೋಗಿ ಏನು ಮಾಡುತ್ತದೆ ಎಂಬುದನ್ನು ತಿಳಿಯಬೇಕು.

ನಿಮ್ಮ ಮನೆಯಲ್ಲಿ ಬಿತ್ತನೆಯ ಬೀಜ ಕಟ್ಟಿಟ್ಟಿರುತ್ತೀರಿ. ರಾಗಿ, ಜೋಳ, ಅವರೆ, ತೊಗರಿ, ಎಲ್ಲವೂ ಒಂದೊಂದು ಹಿಡಿ. ದನಕುರಿಯ ರಕ್ತದಲ್ಲಿಯೂ ಇಂಥದೇ ಒಂದು ಕಣಜ ಹುಟ್ಟಿನಿಂದಲೇ ಇರುತ್ತದೆ. ಅದರಲ್ಲಿರುವುದು ರೋಗದ ಮೇಲೆ ಹೋರಾಡುವ ಕಣಗಳು. ಎಣಿಕೆಗೆ ಸಿಗದಷ್ಟು ಬಗೆ, ಆದರೆ ಒಂದೊಂದು ಬಗೆಯದೂ ಒಂದು ಚಿಟಿಕೆಯಷ್ಟು ಮಾತ್ರ. ಹೊಸ ರೋಗಾಣು ಮೈಯನ್ನು ಹೊಕ್ಕಾಗ, ಅದಕ್ಕೆ ಸರಿಹೊಂದುವ ಬಗೆಯನ್ನು ದೇಹ ಆರಿಸಿ 'ಬಿತ್ತುತ್ತದೆ'. ಆ ಕಣ ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆದು, ರೋಗಾಣುವನ್ನು ಹಿಡಿದು ಕಟ್ಟಿಹಾಕುವ ವಸ್ತುಗಳನ್ನು ರಕ್ತಕ್ಕೆ ಬಿಡುತ್ತದೆ. ಇವನ್ನು ಪ್ರತಿಕಾಯಗಳು ಎಂದು ಕರೆಯುತ್ತಾರೆ. ಈ ಬಗೆಯ ವಿವರಣೆಯನ್ನು 1957ರಲ್ಲಿ ಸ್ಪಷ್ಟವಾಗಿ ಮುಂದಿಟ್ಟವರು ಆಸ್ಟ್ರೇಲಿಯಾದ ಬರ್ನೆಟ್ ಎಂಬ ವಿಜ್ಞಾನಿ.

ಬಿತ್ತಿದ ದಿನವೇ ತೆನೆ ಬರುತ್ತದೆಯೇ? ಇಲ್ಲ. ಈ ಬೆಳೆ ಕೈಗೆ ಬರಲು ಸುಮಾರು ಎರಡರಿಂದ ಮೂರು ವಾರ ಬೇಕು. ಕೆಟ್ಟ ರೋಗವಾದರೆ ಅಷ್ಟು ದಿನ ಕಾಯುವುದಿಲ್ಲ, ಮೂರೇ ದಿನಕ್ಕೆ ಪ್ರಾಣ ತೆಗೆಯುತ್ತದೆ. ಲಸಿಕೆ ಎಂದರೆ ಕೊಂದ ರೋಗಾಣು, ಇಲ್ಲವೆ ಶಕ್ತಿ ಕುಂದಿಸಿದ ರೋಗಾಣು, ಇಲ್ಲವೆ ವಿಷ ತೆಗೆದ ಅದರ ನಂಜು. ಅದನ್ನು ನೋಡಿ ದೇಹ ಮುಂಚಿತವಾಗಿ ಬೆಳೆ ತೆಗೆದು, ಒಂದಷ್ಟು ಬೀಜವನ್ನು ಕಣಜದಲ್ಲಿ ಉಳಿಸಿಕೊಳ್ಳುತ್ತದೆ. ಮುಂದೆ ನಿಜವಾದ ರೋಗ ಬಂದಾಗ ಹುಡುಕುವ ಕೆಲಸವಿಲ್ಲ, ಕೂಡಲೇ ಎದುರಿಸುತ್ತದೆ. ಆದುದರಿಂದ ಇಂದು ಲಸಿಕೆ ಹಾಕಿಸಿದ ಕುರಿಗೆ ಇಂದೇ ರಕ್ಷಣೆ ಇಲ್ಲ. ರೋಗ ಹೊಕ್ಕ ಮೇಲೆ ಲಸಿಕೆ ಹಾಕಿಸುವುದು ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ.

ಈ ವಿದ್ಯೆ ಹುಟ್ಟಿದ್ದೇ ಹಸುವಿನಿಂದ. ಹಾಲು ಕರೆಯುವವರ ಕೈಗೆ ಹಸುವಿನ ಕೆಚ್ಚಲಿನಿಂದ ಒಂದು ಬಗೆಯ ಬೊಕ್ಕೆ ಅಂಟುತ್ತಿತ್ತು. ಅಂಥವರಿಗೆ ಸಿಡುಬು ಬರುವುದಿಲ್ಲ ಎಂದು ಇಂಗ್ಲೆಂಡಿನ ಹಳ್ಳಿಗರು ಹೇಳುತ್ತಿದ್ದರು. ಆ ಮಾತನ್ನು ಹಿಡಿದು ಜೆನ್ನರ್ ಎಂಬ ವೈದ್ಯರು 1796ರಲ್ಲಿ ಪರೀಕ್ಷೆ ಮಾಡಿದರು. ನಮ್ಮ ಹಿರಿಯರ ತೋಳಿನ ಮೇಲೆ ಇಂದಿಗೂ ಕಾಣುವ 'ದೇವಿ ಹಾಕಿದ' ಕಲೆ ಆ ವಿದ್ಯೆಯದು. ಭಾರತದಲ್ಲಿ 1975ರ ನಂತರ ಸಿಡುಬು ಇಲ್ಲ. 1980ರಲ್ಲಿ ಇಡೀ ಪ್ರಪಂಚದಿಂದಲೇ ಹೋಯಿತೆಂದು ಸಾರಿದರು.

ದನಗಳಿಗೂ ಅಂಥದೇ ಒಂದು ಮಾರಿ ಇತ್ತು. ದೊಡ್ಡರೋಗ ಎಂದರೆ ವಯಸ್ಸಾದವರಿಗೆ ನೆನಪಿದ್ದೀತು. ಜ್ವರ, ಬಾಯಿಹುಣ್ಣು, ನಿಲ್ಲದ ಭೇದಿ. ಹೊಕ್ಕ ಊರಿನಲ್ಲಿ ಉಳುವ ಎತ್ತು ಉಳಿಯುತ್ತಿರಲಿಲ್ಲ. ಇದಕ್ಕಾಗಿಯೇ ಬೆಂಗಳೂರಿನ ಹೆಬ್ಬಾಳದಲ್ಲಿ 1925ರಲ್ಲಿ ಮೈಸೂರು ಸೀರಂ ಸಂಸ್ಥೆ ಹುಟ್ಟಿತು. ರೋಗಕ್ಕೆ ಗಟ್ಟಿಯಾದ ದನಗಳ ರಕ್ತದಿಂದ ತಿಳಿಯಾದ ಸೀರಂ ತೆಗೆದು, ಬೇರೆ ದನಗಳಿಗೆ ಕೊಡುತ್ತಿದ್ದರು. ಇದು ಎರವಲು ತಂದ ಧಾನ್ಯವಿದ್ದಂತೆ. ಅಂದಿನ ಹಸಿವು ನೀಗುತ್ತದೆ, ಆದರೆ ಕೆಲವು ದಿನಕ್ಕೆ ಮುಗಿದುಹೋಗುತ್ತದೆ. ಹಿಮಾಲಯದ ಮುಕ್ತೇಶ್ವರದಲ್ಲಿ ಎಡ್ವರ್ಡ್ಸ್ ಎಂಬುವರು ಆ ರೋಗಾಣುವನ್ನು ಆಡುಗಳ ಮೈಯಲ್ಲಿ ಮತ್ತೆ ಮತ್ತೆ ಹಾಯಿಸಿ ದನಗಳ ಪಾಲಿಗೆ ಅದರ ಕಸುವನ್ನು ಕುಂದಿಸಿದ ಮೇಲೆ, ದೇಹ ತಾನೇ ಬೆಳೆ ತೆಗೆಯುವ ಲಸಿಕೆ ಸಿಕ್ಕಿತು. 1954ರಿಂದ ದೇಶದಾದ್ಯಂತ ಊರೂರು ತಿರುಗಿ ಹಾಕಿದರು. 1995ರಲ್ಲಿ ಕಂಡದ್ದೇ ಭಾರತದ ಕೊನೆಯ ದೊಡ್ಡರೋಗ. 2011ರಲ್ಲಿ ಪ್ರಪಂಚವೇ ಅದರಿಂದ ಬಿಡುಗಡೆಯಾಯಿತು. ಮನುಷ್ಯ ಬೇರುಸಹಿತ ಕಿತ್ತ ರೋಗಗಳು ಇಂದಿಗೆ ಎರಡೇ: ಒಂದು ಸಿಡುಬು, ಇನ್ನೊಂದು ನಮ್ಮ ದನಗಳ ದೊಡ್ಡರೋಗ.

ಆದರೆ ಅದರ ದಾಯಾದಿ ಇನ್ನೂ ಇದೆ. ಅದು ಆಡುಕುರಿಗಳ ಹಿರೇಬೇನೆ, ಆಸ್ಪತ್ರೆಯಲ್ಲಿ ಪಿ.ಪಿ.ಆರ್. ಎನ್ನುತ್ತಾರೆ. 1987ರಲ್ಲಿ ತಮಿಳುನಾಡಿನ ಅರಸೂರು ಎಂಬ ಹಳ್ಳಿಯ ಕುರಿಗಳಲ್ಲಿ ಇದು ಕಾಣಿಸಿಕೊಂಡಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ಎಸ್. ಶೈಲಾ ಮತ್ತು ಜೊತೆಗಾರರು ಭಾರತದ ಕುರಿಗಳಲ್ಲಿ ಈ ರೋಗ ಇರುವುದನ್ನು 1989ರಲ್ಲಿ ಪ್ರಕಟಿಸಿದರು. ಇದಕ್ಕೂ ನಮ್ಮ ದೇಶದಲ್ಲಿಯೇ ಒಳ್ಳೆಯ ಲಸಿಕೆ ತಯಾರಾಗಿದೆ. 2030ರೊಳಗೆ ಇದನ್ನೂ ಪ್ರಪಂಚದಿಂದ ಓಡಿಸಬೇಕೆಂಬುದು ಗುರಿ. ಆ ಗುರಿ ಮುಟ್ಟುವುದು ನಿಮ್ಮ ರೊಪ್ಪದಿಂದಲೇ.

ಎರವಲು ಧಾನ್ಯದ ಮಾತು ಬಂತಲ್ಲ, ತಾಯಂದಿರು ಇದನ್ನು ಗಮನವಿಟ್ಟು ಕೇಳಬೇಕು. ಹುಟ್ಟಿದ ಕರುವಿಗೆ, ಮರಿಗೆ ಈ ಎರವಲು ಕೊಡುವುದು ತಾಯಿಯ ಗಿಣ್ಣುಹಾಲು. ಮನುಷ್ಯರಲ್ಲಿ ಬಸಿರಿನಲ್ಲಿಯೇ ತಾಯಿಯ ಪ್ರತಿಕಾಯಗಳು ಮಗುವಿಗೆ ಇಳಿಯುತ್ತವೆ. ಹಸು, ಎಮ್ಮೆ, ಆಡು, ಕುರಿಗಳಲ್ಲಿ ಹಾಗಿಲ್ಲ. ಕರು ಬರಿಗೈಯಲ್ಲಿ ಹುಟ್ಟುತ್ತದೆ. ಗಿಣ್ಣಿನಲ್ಲಿರುವುದೇ ಅದರ ಆಸ್ತಿ. ಅದನ್ನು ಹಾಗೆಯೇ ಹೀರಿಕೊಳ್ಳುವ ಶಕ್ತಿ ಕರುವಿನ ಕರುಳಿಗೆ ಇರುವುದು ಒಂದು ದಿನ ಮಾತ್ರ, ಅದೂ ತಾಸು ತಾಸಿಗೆ ತಗ್ಗುತ್ತದೆ. ಕಸ ಬೀಳಲಿ ಎಂದು ಕಾಯಬಾರದು. ಹುಟ್ಟಿದ ಒಂದೆರಡು ತಾಸಿನೊಳಗೆ ಮೊದಲ ಸಲ ಕುಡಿಸತಕ್ಕದ್ದು. 20 ಕಿಲೋ ತೂಗುವ ಕರುವಿಗೆ ಮೊದಲ ದಿನ 2 ಲೀಟರ್‌ ಗಿಣ್ಣಾದರೂ ಹೊಟ್ಟೆಗೆ ಹೋಗಬೇಕು, ಎರಡು ಮೂರು ಸಲವಾಗಿ. ನೆಂಟರಿಗೆ ಗಿಣ್ಣು ಕಾಯಿಸಿ ಹಂಚುವುದು ನಮ್ಮ ಪದ್ಧತಿ, ಹಂಚಿ, ಬೇಡವೆನ್ನುವುದಿಲ್ಲ. ಆದರೆ ಕರುವಿನ ಪಾಲು ಮೊದಲು, ಉಳಿದದ್ದು ಪಾತ್ರೆಗೆ. ತಾಯಿಗೆ ಕಾಲಕಾಲಕ್ಕೆ ಲಸಿಕೆ ಆಗಿದ್ದರೆ ಅವಳ ಗಿಣ್ಣಿನಲ್ಲಿಯೂ ಅದರ ಫಲ ಇಳಿದಿರುತ್ತದೆ. ಈ ಎರವಲು ಕೆಲವು ತಿಂಗಳಿಗೆ ತೀರುತ್ತದೆ. ಅದಕ್ಕಾಗಿಯೇ ಮರಿಗಳಿಗೆ ಮೂರು ನಾಲ್ಕು ತಿಂಗಳಾದ ಮೇಲೆ ಲಸಿಕೆ ಹಾಕಿ ಎನ್ನುತ್ತಾರೆ.

ಇನ್ನು ಯಾವ ಲಸಿಕೆ ಯಾವಾಗ ಎಂಬುದನ್ನು ಮಳೆಯ ಲೆಕ್ಕದಲ್ಲಿ ಹೇಳುತ್ತೇನೆ, ಮನಸ್ಸಿನಲ್ಲಿಟ್ಟುಕೊಳ್ಳಿ.

ಮೊದಲನೆಯದು, ಭರಣಿ, ಕೃತ್ತಿಕೆ ಮಳೆಯ ಹೊತ್ತು, ಅಂದರೆ ಮೇ ತಿಂಗಳು. ಒಣಹುಲ್ಲು ತಿಂದು ಬಡಕಲಾದ ಕುರಿ ಮಳೆ ಬಿದ್ದು ಚಿಗುರಿದ ಎಳೆಹುಲ್ಲನ್ನು ಹೊಟ್ಟೆಬಿರಿಯ ಮೇಯುತ್ತದೆ. ಕರುಳಿನಲ್ಲಿ ಮೊದಲೇ ಇದ್ದ ಒಂದು ರೋಗಾಣು ಆಗ ಒಮ್ಮೆಲೇ ಹೆಚ್ಚಿ ವಿಷ ಕಾರುತ್ತದೆ. ಇದೇ ಕರುಳುಬೇನೆ. ಕೊಯ್ಲಾದ ಹೊಲದಲ್ಲಿ ಉದುರಿದ ಕಾಳನ್ನು ಮಿತಿಮೀರಿ ತಿಂದರೂ ಇದೇ ಕಥೆ. ಮೊದಲ ಸಲ ಹಾಕಿಸುವವರು ಎರಡು ಮೂರು ವಾರದ ಅಂತರದಲ್ಲಿ ಎರಡು ಸಲ ಹಾಕಿಸಬೇಕು, ಆಮೇಲೆ ವರ್ಷಕ್ಕೊಮ್ಮೆ. ದನ ಎಮ್ಮೆಗಳಿಗೆ ಗಳಲೆ ರೋಗದ ಮತ್ತು ಚಪ್ಪೆ ರೋಗದ ಲಸಿಕೆಯನ್ನೂ ಇದೇ ಹೊತ್ತಿನಲ್ಲಿ, ವರ್ಷಕ್ಕೊಮ್ಮೆ.

ಎರಡನೆಯದು, ಹಸ್ತ, ಚಿತ್ತೆ ಮಳೆಗೆ ಮುಂಚೆ, ಆಗಸ್ಟ್ ಸುಮಾರಿಗೆ, ಕುರಿಗಳಿಗೆ ನೀಲಿನಾಲಿಗೆ ರೋಗದ ಲಸಿಕೆ. ಇದನ್ನು ಹರಡುವುದು ಕೆಸರಿನಲ್ಲಿ, ತಿಪ್ಪೆಯಲ್ಲಿ ಹುಟ್ಟುವ ಕಣ್ಣಿಗೆ ಕಾಣದಷ್ಟು ಸಣ್ಣ ನೊರಜು. ಆದ್ದರಿಂದ ರೊಪ್ಪದ ಸುತ್ತ ನೀರು ನಿಲ್ಲದಂತೆಯೂ ನೋಡಿಕೊಳ್ಳಿ.

ಮೂರನೆಯದು, ಹಿರೇಬೇನೆ. ಇದು ಜೀವಂತವಾಗಿದ್ದೂ ಶಕ್ತಿ ಕುಂದಿದ ರೋಗಾಣುವಿನ ಲಸಿಕೆ. ಒಮ್ಮೆ ಹಾಕಿಸಿದರೆ ಮೂರು ವರ್ಷ ಕಾಯುತ್ತದೆ. ಕಾಲುಬಾಯಿ ಜ್ವರದ್ದು ಸತ್ತ ರೋಗಾಣುವಿನ ಲಸಿಕೆ; ಅದು ಕಲಿಸಿದ ಪಾಠ ಬೇಗ ಮರೆಯುತ್ತದೆ. ಆದುದರಿಂದ ಆರು ತಿಂಗಳಿಗೊಮ್ಮೆ ಬೇಕು. "ಹೋದ ಸಲ ಹಾಕ್ಸಿದ್ವಲ್ಲ" ಎಂದು ಬಾಗಿಲು ಹಾಕಿಕೊಳ್ಳಬೇಡಿ. 2019ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಕಾರ್ಯಕ್ರಮದಲ್ಲಿ ಕಾಲುಬಾಯಿ ಜ್ವರದ ಲಸಿಕೆಯನ್ನೂ, ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುಗಳಿಗೆ ಕಂದುರೋಗದ ಲಸಿಕೆಯನ್ನೂ ಉಚಿತವಾಗಿ ಹಾಕುವ ಏರ್ಪಾಡಾಗಿದೆ. ಕಂದುರೋಗ ಮನುಷ್ಯರಿಗೂ ಅಂಟುತ್ತದೆ ಎಂಬುದು ನೆನಪಿರಲಿ.

ಭದ್ರಾ ಅಚ್ಚುಕಟ್ಟಿನ ಕಡೆಗೋ ಮಲೆನಾಡಿನ ಸೆರಗಿಗೋ ಮಂದೆ ಹೊಡೆದುಕೊಂಡು ಹೋಗುವವರು ಹೊರಡುವುದಕ್ಕೆ ಮೂರು ವಾರ ಮುಂಚೆಯೇ ಲಸಿಕೆ ಮುಗಿಸಿಕೊಳ್ಳಿ. ಸಂತೆಯಿಂದ ತಂದ ಹೊಸ ಕುರಿಯನ್ನು ಮೂರು ವಾರವಾದರೂ ಬೇರೆ ಕಟ್ಟಿ. ಹಾಕಿಸುವಾಗ ಮಂದೆಗೆ ಮಂದೆಯೇ ಹಾಕಿಸಿ. ನೂರು ಕುರಿಯಲ್ಲಿ ಹತ್ತಕ್ಕೆ ಮಾತ್ರ ಹಾಕಿಸಿದರೆ, ಬೇಲಿಯಲ್ಲಿ ಹತ್ತು ಗೂಟ ನೆಟ್ಟು ಉಳಿದದ್ದನ್ನು ಬಯಲು ಬಿಟ್ಟಂತೆ. ಲಸಿಕೆ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಬರುತ್ತದೆ. ಬಿಸಿಲು ತಾಕಿದರೆ ಕೆಡುತ್ತದೆ. ಸೀಸೆ ಒಡೆದ ಮೇಲೆ ಕಾಯುವ ಹಾಗಿಲ್ಲ. ಆದ್ದರಿಂದ ಸಿಬ್ಬಂದಿ ಬರುವ ದಿನ ಬೆಳಿಗ್ಗೆ ಮಂದೆಯನ್ನು ಮೇಯಲು ಬಿಡದೆ ಕೂಡಿಹಾಕಿಕೊಂಡಿರಿ.

ನಿಮ್ಮ ಮನಸ್ಸಿನಲ್ಲಿರುವ ಅನುಮಾನಗಳೂ ನನಗೆ ಗೊತ್ತಿವೆ. "ಹಾಲು ಕಡಿಮೆ ಆಗ್ತದೆ" ಎನ್ನುತ್ತೀರಿ. ಎರಡು ಮೂರು ದಿನ ಸ್ವಲ್ಪ ತಗ್ಗಬಹುದು, ಮತ್ತೆ ಏರುತ್ತದೆ. ಕಾಲುಬಾಯಿ ಜ್ವರ ಬಂದ ಹಸುವಿನ ಹಾಲು ಎಷ್ಟು ತಿಂಗಳಿಗೆ ಸರಿಹೋಯಿತು, ಲೆಕ್ಕ ಹಾಕಿ ನೋಡಿ. "ಗಬ್ಬದ್ದಕ್ಕೆ ಹಾಕಿಸಬಹುದೇ?" ದಿನ ತುಂಬಿದ್ದರೆ ವೈದ್ಯರಿಗೆ ಮೊದಲೇ ಹೇಳಿ, ಅವರು ಹೇಳಿದಂತೆ ಮಾಡಿ. "ಸೂಜಿ ಚುಚ್ಚಿದ ಕಡೆ ಗಂಟು ಬಂತು" ಎಂದರೆ, ಪರಕೀಯ ವಸ್ತು ಬಂದಿದೆ ಎಂದು ದೇಹ ಗುರುತು ಹಿಡಿದಿದೆ ಎಂದರ್ಥ. ಗಂಟು ತಾನೇ ಇಳಿಯುತ್ತದೆ. ಕೀವು ತುಂಬಿದರೆ ಮಾತ್ರ ತೋರಿಸಿ.

ತನ್ನದು ಯಾವುದು, ಪರರದು ಯಾವುದು ಎಂಬ ಈ ಗುರುತೇ ವಿಜ್ಞಾನಿಗಳಿಗೆ ದೊಡ್ಡ ಒಗಟಾಗಿತ್ತು. ಒಬ್ಬರ ಮೂತ್ರಪಿಂಡವನ್ನು ಇನ್ನೊಬ್ಬರಿಗೆ ಜೋಡಿಸಿದರೆ ಮೈ ಅದನ್ನು ಶತ್ರುವೆಂದು ತಿಳಿದು ಕೆಡಿಸುತ್ತಿತ್ತು. ಒಗಟು ಬಿಡಿಸಲು ದಾರಿ ತೋರಿದ್ದು ಅವಳಿ ಕರುಗಳು. ಹೋರಿಗರುವಿನ ಜೊತೆ ಅವಳಿಯಾಗಿ ಹುಟ್ಟಿದ ಹೆಣ್ಣುಗರು ಹೆಚ್ಚಾಗಿ ಬಂಜೆ ಎಂಬುದು ದನ ಸಾಕಿದವರಿಗೆ ಗೊತ್ತು. ಗರ್ಭದಲ್ಲಿ ಎರಡರ ರಕ್ತವೂ ಬೆರೆಯುವುದೇ ಕಾರಣ. ಹೀಗೆ ಬೆರೆತ ರಕ್ತದ ಕಣಗಳು ದೊಡ್ಡವಾದ ಮೇಲೂ ಎರಡರಲ್ಲಿಯೂ ಉಳಿದಿರುತ್ತವೆ ಎಂದು ಅಮೆರಿಕದ ಓವೆನ್ 1945ರಲ್ಲಿ ತೋರಿಸಿದರು. ಇಂಗ್ಲೆಂಡಿನ ಮೆಡಾವರ್ ಮತ್ತು ಜೊತೆಗಾರರು ಒಂದರ ಚರ್ಮವನ್ನು ಇನ್ನೊಂದಕ್ಕೆ ಕಸಿ ಮಾಡಿದಾಗ ಮೈ ಅದನ್ನು ಒಪ್ಪಿಕೊಂಡಿತು. ದೇಹ ಎಳೆಯದರಲ್ಲಿ ಕಂಡದ್ದನ್ನು ತನ್ನದೆಂದು ಕಲಿಯುತ್ತದೆ ಎಂಬ ಈ ತಿಳಿವಿಗೆ ಬರ್ನೆಟ್ ಮತ್ತು ಮೆಡಾವರ್ ಅವರಿಗೆ 1960ರಲ್ಲಿ ನೊಬೆಲ್ ಬಹುಮಾನ ಬಂತು. ಇಂದು ಮೂತ್ರಪಿಂಡ ಜೋಡಿಸಿಕೊಂಡವರು ನಿಮ್ಮ ಊರಿನಲ್ಲಿಯೂ ಇರಬಹುದು. ಮೈಯ ಕಾವಲನ್ನು ತಗ್ಗಿಸುವ ಮಾತ್ರೆಯನ್ನು ಅವರು ಒಂದು ದಿನವೂ ಬಿಡಬಾರದು; ಯಾವ ಲಸಿಕೆಯನ್ನೇ ಆಗಲಿ ತಮ್ಮ ವೈದ್ಯರನ್ನು ಕೇಳಿಯೇ ಹಾಕಿಸಿಕೊಳ್ಳಬೇಕು.

ರೋಗಾಣು ಹೊಕ್ಕ ಮೇಲೂ ಲಸಿಕೆ ಕೆಲಸ ಮಾಡುವ ಒಂದು ರೋಗ ಉಂಟು. ಅದು ಹುಚ್ಚುನಾಯಿ ಕಡಿತ. ಅದರ ರೋಗಾಣು ನರದ ದಾರಿಯಲ್ಲಿ ಮೆಲ್ಲಗೆ ಮೆದುಳಿಗೆ ಏರುತ್ತದೆ. ಅಷ್ಟರಲ್ಲಿ ದೇಹಕ್ಕೆ ಬೆಳೆ ತೆಗೆಯಲು ಬಿಡುವು ಸಿಗುತ್ತದೆ. ನಾಯಿ ಕಡಿದ ಕೂಡಲೇ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಸುಣ್ಣ, ಅರಿಶಿನ, ಮೆಣಸಿನಪುಡಿ ಮೆತ್ತಬೇಡಿ. ಅಂದೇ ಆಸ್ಪತ್ರೆಗೆ ಹೋಗಿ, ಹೇಳಿದಷ್ಟೂ ಸೂಜಿ ಹಾಕಿಸಿಕೊಳ್ಳಿ. ರೋಗದ ಲಕ್ಷಣ ಕಂಡ ಮೇಲೆ ಮದ್ದಿಲ್ಲ.

ಬಾಂಧವರೇ, ಬಿತ್ತನೆಗೆ ಹದ ನೋಡುವ ನಿಮಗೆ ಹೊತ್ತಿನ ಬೆಲೆಯನ್ನು ನಾನು ಹೇಳಿಕೊಡಬೇಕಾಗಿಲ್ಲ. ಹದ ತಪ್ಪಿ ಬಿತ್ತಿದ ಬೀಜ ಎಷ್ಟು ಒಳ್ಳೆಯದಾದರೂ ಫಲ ಕೊಡುವುದಿಲ್ಲ, ಲಸಿಕೆಯೂ ಹಾಗೆಯೇ. ನೇಗಿಲು ಕುಂಟೆ ಸರಿಮಾಡಿಕೊಳ್ಳುವ ದಿನಗಳಲ್ಲಿಯೇ ಹತ್ತಿರದ ಪಶು ಆಸ್ಪತ್ರೆಗೆ ಒಂದು ಸಲ ಹೋಗಿ, ಯಾವ ಲಸಿಕೆ ಬಂದಿದೆ, ನಮ್ಮ ಊರಿಗೆ ಎಂದು ಬರುತ್ತೀರಿ ಎಂದು ಕೇಳಿ ಬನ್ನಿ. ಪಕ್ಕದ ಹಟ್ಟಿಯವರಿಗೂ ತಿಳಿಸಿ.