ಬಾಗಿಲಿಗೆ ಬಣ್ಣ ಬಳಿಯುವ ಮುನ್ನ
(ಕ್ರಿಸ್ತಜಯಂತಿ ಹಬ್ಬದ ಪ್ರಬೋಧನೆ)



ಡಿಸೆಂಬರ್ ಬಂತೆಂದರೆ ನಮ್ಮ ಹಲಸೂರಿನ ಗಲ್ಲಿಗಳಲ್ಲಿ ಎರಡು ವಾಸನೆಗಳು ಹರಡುತ್ತವೆ. ಒಂದು ಮನೆಯಿಂದ ರೋಸ್ ಕುಕ್ಕಿ ಕರಿಯುವ ವಾಸನೆ, ಪಕ್ಕದ ಮನೆಯಿಂದ ಎನಾಮಲ್ ಪೇಂಟಿನ ವಾಸನೆ. ಇಡೀ ಮನೆಗೆ ಸುಣ್ಣಬಣ್ಣ ಮಾಡಿಸಲು ಕೈಯಲ್ಲಿ ಕಾಸಿಲ್ಲದಿದ್ದರೂ ಮುಂಬಾಗಿಲಿಗಾದರೂ ಹೊಸ ಬಣ್ಣ ಬೇಕು ಎನ್ನುವವರು ನಾವು. ಸೋಮೇಶ್ವರ ದೇವಸ್ಥಾನದ ಸುತ್ತಲಿನ ನಮ್ಮ ನೆರೆಹೊರೆಯವರು ಯುಗಾದಿಗೆ ಹೊಸ್ತಿಲಿಗೆ ಅರಿಶಿನ ಹಚ್ಚಿ ಮಾವಿನ ತೋರಣ ಕಟ್ಟುತ್ತಾರೆ. ನಾವು ಬಣ್ಣ ಬಳಿದು ನಕ್ಷತ್ರ ತೂಗುಹಾಕುತ್ತೇವೆ. ಯಾರ ಮನೆಯಲ್ಲೇ ಆಗಲಿ, ಹಬ್ಬ ಮೊದಲು ಬರುವುದು ಬಾಗಿಲಿಗೆ.

ಬಾಗಿಲಿಗೆ ಗುರುತು ಹಚ್ಚುವುದನ್ನು ಪವಿತ್ರ ಗ್ರಂಥವೂ ಬಲ್ಲದು. ವಿಮೋಚನಾಕಾಂಡದ 12ನೆಯ ಅಧ್ಯಾಯದಲ್ಲಿ ಇಸ್ರಯೇಲರು ಪಾಸ್ಖದ ಕುರಿಮರಿಯ ರಕ್ತವನ್ನು ಬಾಗಿಲಿನ ಎರಡು ನಿಲುವುಗಳಿಗೂ ಮೇಲಿನ ಪಟ್ಟಿಗೂ ಹಚ್ಚಿದರು. ಅದು ಅಂದಕ್ಕಾಗಿ ಹಚ್ಚಿದ್ದಲ್ಲ; ಈ ಮನೆ ದೇವರದು ಎಂಬ ಗುರುತು. ಅದೇ ಅಧ್ಯಾಯದಲ್ಲಿ ನಾವು ಸಾಮಾನ್ಯವಾಗಿ ಗಮನಿಸದ ಇನ್ನೊಂದು ಮಾತಿದೆ. ಒಂದು ಕುಟುಂಬ ಚಿಕ್ಕದಾಗಿದ್ದು ಇಡೀ ಕುರಿಮರಿ ಹೆಚ್ಚಾಗುವುದಾದರೆ, ಪಕ್ಕದ ಮನೆಯವರೊಡನೆ ಹಂಚಿಕೊಳ್ಳಬೇಕು. ಅಂದರೆ ಬಾಗಿಲಿಗೆ ಗುರುತು ಹಚ್ಚಲು ಹೇಳಿದ ದೇವರು ಪಕ್ಕದ ಮನೆಯನ್ನು ಮರೆಯಬೇಡಿ ಎಂದೂ ಹೇಳಿದರು.

ಪೇಂಟ್ ಕೆಲಸದವರನ್ನು ಕೇಳಿ ನೋಡಿ. ಬಣ್ಣ ಬಳಿಯುವುದು ಸುಲಭ, ಅದಕ್ಕೆ ಮುಂಚಿನ ಕೆಲಸವೇ ಕಷ್ಟ ಎನ್ನುತ್ತಾರೆ. ಎದ್ದುಬಂದ ಹಳೆಯ ಬಣ್ಣ ತೆಗೆಯಬೇಕು, ಉಜ್ಜಬೇಕು, ತೂತುಗಳಿಗೆ ಪುಟ್ಟಿ ತುಂಬಬೇಕು, ಪ್ರೈಮರ್ ಹಚ್ಚಬೇಕು. ಆಮೇಲೆ ಬಣ್ಣ, ಅದೂ ಒಂದು ಕೋಟು ಒಣಗಿದ ಮೇಲೆ ಇನ್ನೊಂದು. ಇದನ್ನೆಲ್ಲ ಬಿಟ್ಟು ಮೇಲೆ ಮಾತ್ರ ಬಳಿದರೆ ಅದು 'ಮೇಲೆ ಥಳಕು, ಒಳಗೆ ಹುಳುಕು.' ಮುಂದಿನ ಮಳೆಗಾಲಕ್ಕೆ ಸಿಪ್ಪೆ ಏಳುತ್ತದೆ.

ಹಳೆಯ ಬಣ್ಣದಲ್ಲಿ ಅಪಾಯವೂ ಇದೆ. ಹಿಂದೆ ಎನಾಮಲ್ ಬಣ್ಣಗಳಿಗೆ ಸೀಸ ಬೆರೆಸುತ್ತಿದ್ದರು. ಅದು ಮಕ್ಕಳ ಮಿದುಳಿಗೆ ವಿಷ. ಬೆಂಗಳೂರಿನ ನಮ್ಮದೇ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಪ್ರಾಧ್ಯಾಪಕರಾಗಿದ್ದ ಡಾ. ತುಪ್ಪಿಲ್ ವೆಂಕಟೇಶ್ ಅವರು ಈ ವಿಷಯವಾಗಿ ಹಲವು ವರ್ಷ ದುಡಿದರು. 2017ರ ನವೆಂಬರ್ 1ರಿಂದ ಮನೆಯ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಭಾಗ ಮೀರಬಾರದೆಂಬ ನಿಯಮ ಜಾರಿಯಲ್ಲಿದೆ. ಆದರೆ ಹಳೆಯ ಬಾಗಿಲುಗಳ ಒಳಪದರ ಹಾಗೆಯೇ ಇದೆ. ಆದ್ದರಿಂದ ಅದನ್ನು ಒಣಗಿದಂತೆಯೇ ಕೆರೆಯಬಾರದು. ನೀರು ಹಚ್ಚಿ, ಮಕ್ಕಳನ್ನು ದೂರವಿಟ್ಟು ಉಜ್ಜಿ, ಒದ್ದೆ ಬಟ್ಟೆಯಿಂದ ಒರೆಸಬೇಕು.

ಪ್ರಿಯರೇ, ನಮ್ಮ ಕುಟುಂಬಗಳ ಹಳೆಯ ಜಗಳಗಳೂ ಹೀಗೆಯೇ. ಮೇಲೆ ನಗುವಿನ ಬಣ್ಣ, ಒಳಗೆ ವಿಷ. ಅದನ್ನು ಕೋಪದಿಂದ ಒಣಒಣವಾಗಿ ಕೆರೆದರೆ ಧೂಳು ಬೀಳುವುದು ಮಕ್ಕಳ ಮೇಲೆ. ಪ್ರಾರ್ಥನೆಯಿಂದ, ಪಾಪನಿವೇದನೆಯ ಕಣ್ಣೀರಿನಿಂದ ಮೊದಲು ಅದನ್ನು ತೋಯಿಸಬೇಕು.

ನಮಗೆ ತಿಳಿದಿರುವ ಒಂದು ಮನೆಯಲ್ಲಿ ಇಬ್ಬರು ಅಣ್ಣತಮ್ಮಂದಿರು. ತಂದೆ ತೀರಿಕೊಂಡ ಮೇಲೆ ಮನೆಯ ಪಾಲಿನ ವಿಷಯಕ್ಕೆ ಮಾತು ಬಿಟ್ಟರು. ಅಣ್ಣ ಕೆ.ಆರ್. ಪುರಕ್ಕೆ ಹೋದರು, ಒಂಬತ್ತು ಕ್ರಿಸ್‌ಮಸ್ ಕಳೆದರೂ ಈ ಹೊಸ್ತಿಲು ತುಳಿಯಲಿಲ್ಲ. ಈ ಸಲ ಬಾಗಿಲು ಉಜ್ಜುತ್ತಿದ್ದ ಪೇಂಟರ್ ತಮ್ಮನನ್ನು ಕರೆದು, "ಸಾರ್, ಚೌಕಟ್ಟಿನಲ್ಲಿ ಏನೋ ಗೀರುಗಳಿವೆ, ಪುಟ್ಟಿ ತುಂಬಿಬಿಡಲಾ?" ಎಂದು ಕೇಳಿದರು. ಮಕ್ಕಳಿಬ್ಬರನ್ನೂ ನಿಲ್ಲಿಸಿ ಅಪ್ಪ ಚಾಕುವಿನಿಂದ ಎತ್ತರ ಗುರುತಿಸಿದ್ದ ಗೀರುಗಳವು. ತಮ್ಮ ತುಂಬಲು ಬಿಡಲಿಲ್ಲ. ಮರುದಿನ ಪೂಜೆ ಮುಗಿಸಿ ನೇರವಾಗಿ ಅಣ್ಣನ ಮನೆಗೆ ಹೋದರು. ಅಲ್ಲಿ ಅತ್ತಿಗೆ ಕಾಫಿ ಕೊಟ್ಟರು. ಅಣ್ಣ ಮಾತ್ರ, "ನೋಡೋಣ" ಎಂದಷ್ಟೇ ಹೇಳಿದರು. ಅವರು ಇಂದು ಬರುವರೋ ಇಲ್ಲವೋ ನಮಗೆ ತಿಳಿಯದು. ತಮ್ಮನಂತೂ ಊಟಕ್ಕೆ ಒಂದು ತಟ್ಟೆ ಹೆಚ್ಚಿಗೆ ಇಡಿಸಿದ್ದಾರೆ.

ಬೆತ್ಲೆಹೇಮಿನಲ್ಲಿ ಮಾತೆ ಮರಿಯಮ್ಮನವರಿಗೂ ಸಂತ ಜೋಸೆಫರಿಗೂ ಛತ್ರದಲ್ಲಿ ಸ್ಥಳ ಸಿಗಲಿಲ್ಲ. ದೇವಪುತ್ರರು ಮಲಗಿದ್ದು ದನಗಳ ಗೋದಲಿಯಲ್ಲಿ. ಮುಂದೆ ಅವರೇ ತಮ್ಮನ್ನು ಬಾಗಿಲು ಎಂದು ಕರೆದುಕೊಂಡರು. ಸ್ಥಳ ಸಿಗದವರೇ ಎಲ್ಲರಿಗೂ ಬಾಗಿಲಾದರು. ಅವರ ಹಬ್ಬಕ್ಕೆ ಬಣ್ಣ ಬಳಿದ ಬಾಗಿಲು ಒಡಹುಟ್ಟಿದವರಿಗೆ ಮುಚ್ಚಿದ್ದರೆ, ಆ ಬಣ್ಣ ಯಾರಿಗಾಗಿ?

ಜನವರಿಯಲ್ಲಿ ಮೂರು ರಾಯರ ಹಬ್ಬ ಬರುತ್ತದೆ. ಆಗ ಮಂತ್ರಿಸಿದ ಸೀಮೆಸುಣ್ಣದಿಂದ ಬಾಗಿಲ ಮೇಲೆ ವರ್ಷದ ಅಂಕೆಗಳ ನಡುವೆ ಸಿ, ಎಂ, ಬಿ ಎಂಬ ಅಕ್ಷರಗಳನ್ನು ಬರೆಯುವ ವಾಡಿಕೆ ಧರ್ಮಸಭೆಯಲ್ಲಿದೆ. ಕ್ರಿಸ್ತರು ಈ ಮನೆಯನ್ನು ಆಶೀರ್ವದಿಸಲಿ ಎಂಬುದು ಅದರ ಅರ್ಥ. ಹಾಗೆ ಬರೆಯುವ ಮುನ್ನ, ನಮ್ಮ ಬಾಗಿಲಿಗೆ ಬರಲು ಹಿಂಜರಿಯುತ್ತಿರುವವರು ಯಾರೆಂದು ನಾವು ಒಮ್ಮೆ ನೆನೆಯೋಣ. ಇಂದೇ ಅವರಿಗೊಂದು ಫೋನ್ ಮಾಡೋಣ. ಬಾಗಿಲಿಗೆ ಬಣ್ಣ ಬಳಿದು ಹೋದವರ ಮನೆಗೂ ಒಂದು ತಟ್ಟೆ ಹಬ್ಬದ ತಿಂಡಿ ಕಳುಹಿಸೋಣ.

ಬಾಲ ಯೇಸು ನಮ್ಮೆಲ್ಲರ ಮನೆ ಬಾಗಿಲುಗಳನ್ನೂ ಮನದ ಬಾಗಿಲುಗಳನ್ನೂ ಆಶೀರ್ವದಿಸಲಿ. ಆಮೆನ್.