ಕಾಲು ನೊಂದ ಹೊಸ ಸಿಪಾಯಿ

ರಣದಲ್ಲಿ ಮಡಿದ ಶೂರನಿಗೆ ನಮ್ಮ ನಾಡಿನಲ್ಲಿ ಹಿಂದೆ ವೀರಗಲ್ಲನ್ನು ನಿಲ್ಲಿಸುತ್ತಿದ್ದರು. ಗಾಯಗೊಂಡು ಮರಳಿದವನನ್ನು ಇಂದಿಗೂ ಊರಿನವರು ಆದರದಿಂದ ಬರಮಾಡಿಕೊಳ್ಳುತ್ತಾರೆ. ಅದು ನ್ಯಾಯವೇ. ಆದರೆ ಶತ್ರುವಿನ ಮುಖವನ್ನು ಕಾಣುವುದಕ್ಕೆ ಬಹಳ ಮುಂಚೆಯೇ, ಸೈನ್ಯಕ್ಕೆ ಸೇರಿದ ಆರನೆಯ ವಾರದಲ್ಲೋ ಎಂಟನೆಯ ವಾರದಲ್ಲೋ, ಕವಾಯತಿನ ಮೈದಾನದಲ್ಲಿಯೇ ಕಾಲು ನೊಂದು ಕುಳಿತ ಹುಡುಗನೊಬ್ಬನಿರುತ್ತಾನೆ. ಅವನ ಗಾಯಕ್ಕೆ ಕೀರ್ತಿಯಿಲ್ಲ. ಹೇಳಿಕೊಳ್ಳುವುದಕ್ಕೆ ಒಂದು ಕಥೆಯೂ ಇಲ್ಲ. ಮೇಲುನೋಟಕ್ಕೆ ರಕ್ತವಿಲ್ಲ, ಹಲವು ವೇಳೆ ಬಾವು ಕೂಡ ಕಾಣುವುದಿಲ್ಲ. ಅಂಥವನನ್ನು ಕುರಿತು, ಅವನಿಗಿಂತ ಹೆಚ್ಚಾಗಿ ಅವನ ಮನೆಯವರು ಆಗ ನಡೆದುಕೊಳ್ಳಬೇಕಾದ ರೀತಿಯನ್ನು ಕುರಿತು, ಈ ಹೊತ್ತು ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇನೆ.

ಈ ವಿಷಯವು ನಗರವಾಸಿಗಳಾದ ನಮಗೆ ದೂರದ್ದೆಂದು ತೋರಬಹುದು. ಹಾಗೆ ಭಾವಿಸಬೇಕಾದುದಿಲ್ಲ. ಬೆಂಗಳೂರಿನಲ್ಲಿ ಹಲಸೂರು ಕೆರೆಯ ಸಮೀಪದಲ್ಲಿ, ಮದ್ರಾಸ್ ಸ್ಯಾಪರ್ಸ್ ಎಂದು ಹೆಸರಾದ ಎಂಜಿನಿಯರ್ ದಳದ ಕೇಂದ್ರವಿದೆ. ಪ್ಯಾರಾಷೂಟ್ ರೆಜಿಮೆಂಟಿನ ತರಬೇತಿ ಕೇಂದ್ರ, ಸೈನ್ಯಕ್ಕೆ ಸಾಮಗ್ರಿಯನ್ನು ಒದಗಿಸುವ ಸರ್ವಿಸ್ ಕೋರಿನ ಕೇಂದ್ರ, ಮಿಲಿಟರಿ ಪೋಲೀಸಿನ ಕೇಂದ್ರ, ಇವೂ ಇದೇ ನಗರದಲ್ಲಿವೆ. ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿ ದಳದ ಕೇಂದ್ರವಿದೆ. ಬೆಂಗಳೂರಿನ ಮಿಲಿಟರಿ ಪೋಲೀಸ್ ಕೇಂದ್ರದಿಂದ 2021ನೆಯ ಇಸವಿ ಮೇ ತಿಂಗಳಲ್ಲಿ 83 ಮಂದಿ ಹೆಣ್ಣುಮಕ್ಕಳು ತರಬೇತಿಯನ್ನು ಮುಗಿಸಿ ಸಿಪಾಯಿಗಳಾಗಿ ಹೊರಬಂದರು. ಆ ದಳದ ಮಹಿಳಾ ಸಿಪಾಯಿಗಳಲ್ಲಿ ಅದೇ ಮೊದಲನೆಯ ತಂಡ. ನಾವು ಬೆಳಗಿನ ಕಾಫಿಯ ಲೋಟವನ್ನು ಕೈಗೆತ್ತಿಕೊಳ್ಳುವ ವೇಳೆಗೆ, ಗೋಡೆಯ ಆಚೆ ನೂರಾರು ಜೊತೆ ಬೂಟುಗಳು ಓಡಿ ದಣಿದು ನಿಂತಿರುತ್ತವೆ. ಆ ಬೂಟುಗಳೊಳಗಿನ ಪಾದಗಳ ಮಾತೇ ನಮ್ಮ ಇಂದಿನ ಮಾತು.

ಎಲುಬನ್ನು ನಾವು ಕಲ್ಲಿನಂತೆ ಜಡವಾದುದೆಂದು ತಿಳಿದಿರುತ್ತೇವೆ. ವಾಸ್ತವವಾಗಿ ಅದು ಜೀವವುಳ್ಳ ಪದಾರ್ಥ. ಹಳೆಯ ಮನೆಯಲ್ಲಿ ವಾಸವಾಗಿದ್ದುಕೊಂಡೇ ಅದನ್ನು ದುರಸ್ತಿ ಮಾಡಿಸುವ ಗೃಹಸ್ಥನ ಹಾಗೆ, ದೇಹವು ಎಲುಬನ್ನು ಎಡೆಬಿಡದೆ ಕೆಡವುತ್ತ ಕಟ್ಟುತ್ತ ಇರುತ್ತದೆ. ರೂಢಿಯಿಲ್ಲದ ಭಾರವು ಬಿದ್ದಾಗ ದೇಹವು ಮೊದಲು ಸವೆದ ಭಾಗವನ್ನು ಅಗೆದು ತೆಗೆಯುತ್ತದೆ. ಆಮೇಲೆ ಆ ಎಡೆಯಲ್ಲಿ ಹೊಸದನ್ನು ತುಂಬುತ್ತದೆ. ಅಗೆಯುವ ಕೆಲಸವು ಕೆಲವು ವಾರಗಳಲ್ಲಿ ಮುಗಿಯುತ್ತದೆ. ಕಟ್ಟುವ ಕೆಲಸಕ್ಕೆ ತಿಂಗಳುಗಳು ಬೇಕು. ಈ ಎರಡರ ನಡುವಣ ಕಾಲದಲ್ಲಿ ಎಲುಬು ಮೊದಲಿಗಿಂತ ದುರ್ಬಲವಾಗಿರುತ್ತದೆ. ತರಬೇತಿಯಲ್ಲಿ ಓಟವೂ ಹೊರೆ ಹೊತ್ತ ನಡಿಗೆಯೂ ದಿನದಿನಕ್ಕೆ ಹೆಚ್ಚುವುದು ಸರಿಯಾಗಿ ಇದೇ ಕಾಲದಲ್ಲಿ. ಆಗ ಎಲುಬಿನಲ್ಲಿ ಕೂದಲೆಳೆಯಂಥ ಬಿರುಕೊಂದು ಹುಟ್ಟುತ್ತದೆ. ಇದನ್ನು ವೈದ್ಯರು ಸ್ಟ್ರೆಸ್ ಫ್ರ್ಯಾಕ್ಚರ್ ಎನ್ನುತ್ತಾರೆ. ಹಿಂದಿನವರು ಇನ್ನೂ ಸೊಗಸಾಗಿ ಮಾರ್ಚ್ ಫ್ರ್ಯಾಕ್ಚರ್, ಎಂದರೆ ನಡಿಗೆಯ ಮುರಿತ, ಎಂದು ಕರೆದರು.

ಈ ನೋವು ಹೊಸದೂ ಅಲ್ಲ, ಇಂದಿನ ಹುಡುಗರ ಮೈಗಳ್ಳತನವೂ ಅಲ್ಲ. ಪ್ರಷ್ಯಾ ದೇಶದ ಸೈನ್ಯದ ವೈದ್ಯನಾದ ಬ್ರೈಟ್‌ಹಾಪ್ಟ್ ಎಂಬಾತನು 1855ರಲ್ಲಿಯೇ, ದೂರ ನಡೆದ ಸಿಪಾಯಿಗಳ ಪಾದಗಳು ಬಾತು ನೋಯುವುದನ್ನು ವರ್ಣಿಸಿದನು. ಕಾರಣವು ಅಂದು ಕಣ್ಣಿಗೆ ಕಾಣದು. ರಾಂಟ್‌ಜೆನ್ 1895ರಲ್ಲಿ ಎಕ್ಸ್-ಕಿರಣಗಳನ್ನು ಕಂಡುಹಿಡಿದ ಎರಡೇ ವರ್ಷಗಳಲ್ಲಿ, ಪಾದದ ನೀಳವಾದ ಸಣ್ಣ ಎಲುಬುಗಳಲ್ಲಿ ಬಿರುಕಿರುವುದು ಗೊತ್ತಾಯಿತು. ಇಸ್ರೇಲ್ ದೇಶದ ಸೈನ್ಯದಲ್ಲಿ 295 ಮಂದಿ ಹೊಸ ಸಿಪಾಯಿಗಳನ್ನು 14 ವಾರಗಳ ತರಬೇತಿಯುದ್ದಕ್ಕೂ ಪರೀಕ್ಷಿಸುತ್ತ ಬಂದ ವೈದ್ಯರು, ಅವರಲ್ಲಿ ಶೇಕಡ 31 ಮಂದಿಗೆ ಇಂಥ ಬಿರುಕುಂಟಾಯಿತೆಂದು 1985ರಲ್ಲಿ ಪ್ರಕಟಿಸಿದರು. ಮೂವರಲ್ಲಿ ಒಬ್ಬನಿಗೆ ಸ್ವಲ್ಪ ಕಡಮೆ! ಹೆಣ್ಣುಮಕ್ಕಳಲ್ಲಿ ಇದು ಗಂಡಸರಿಗಿಂತ ಹೆಚ್ಚೆಂದು ಹಲವು ದೇಶಗಳ ಸೈನ್ಯಗಳಲ್ಲಿ ಕಂಡುಬಂದಿದೆ. ಆದಕಾರಣ ನಮ್ಮ ಹುಡುಗನಿಗೆ ಇದು ಬಂದರೆ, ಅವನ ಧೈರ್ಯದಲ್ಲಿ ಕೊರತೆಯಿತ್ತೆಂದು ತಿಳಿಯುವುದು ಅನ್ಯಾಯ.

ಈ ಬಿರುಕಿಗೆ ಒಂದು ಕಪಟ ಸ್ವಭಾವವುಂಟು. ಮೊದಲು ಓಡುವಾಗ ಮಾತ್ರ ನೋಯುತ್ತದೆ, ನಿಂತರೆ ಮಾಯವಾಗುತ್ತದೆ. ಕೆಲವು ದಿನಗಳ ಮೇಲೆ ನಡೆಯುವಾಗಲೂ ನೋವು. ಕಡೆಗೆ ಮಲಗಿದಾಗಲೂ ನೋವು. ಬೆರಳಿನಿಂದ ಒತ್ತಿದರೆ ಎಲುಬಿನ ಮೇಲೆ ಒಂದೇ ಒಂದು ಎಡೆಯಲ್ಲಿ ಪ್ರಾಣ ಹೋದಂತಾಗುತ್ತದೆ. ಮೊದಲ ಎರಡು ಮೂರು ವಾರಗಳಲ್ಲಿ ಎಕ್ಸ್-ರೇ ಚಿತ್ರದಲ್ಲಿ ಏನೂ ಕಾಣದೆ ಹೋಗಬಹುದು, ಎಂ.ಆರ್.ಐ. ಪರೀಕ್ಷೆಯಲ್ಲಿ ಬೇಗ ಕಾಣುತ್ತದೆ. ಇಂಥ ಸಮಯದಲ್ಲಿ ಹುಡುಗನು ಏನು ಮಾಡುತ್ತಾನೆ? ಬಹುಮಟ್ಟಿಗೆ ಬಚ್ಚಿಡುತ್ತಾನೆ. ತಾನು ಹಿಂದಿನ ತಂಡಕ್ಕೆ ಇಳಿಯಬೇಕಾದೀತು, ಜೊತೆಯವರು ನಕ್ಕಾರು ಎಂಬ ಭಯ ಅವನಿಗೆ. 2022ರಲ್ಲಿ ಆರಂಭವಾದ ಅಗ್ನಿಪಥ ಯೋಜನೆಯಂತೆ ನಾಲ್ಕು ವರ್ಷಗಳ ಅವಧಿಗೆ ಸೇರಿದ ತರುಣನಿಗೆ ಒಂದೊಂದು ತಿಂಗಳೂ ಚಿನ್ನದಂತೆ ತೋರಿದರೆ ಆಶ್ಚರ್ಯವೇನು? ಹೀಗೆ ಬಚ್ಚಿಟ್ಟುಕೊಂಡು ಓಡಿದುದರ ಫಲವಾಗಿ ಆರೆಂಟು ವಾರಗಳಲ್ಲಿ ಕೂಡಬಹುದಾಗಿದ್ದ ಬಿರುಕು ಪೂರ್ಣ ಮುರಿತವಾಗುವುದುಂಟು. ತೊಡೆಯೆಲುಬು ಸೊಂಟದ ಕೀಲನ್ನು ಸೇರುವ ಕೊರಳಿನಲ್ಲಿ ಬಿರುಕಾಗಿದ್ದರಂತೂ ಅಪಾಯವು ದೊಡ್ಡದು, ಶಸ್ತ್ರಚಿಕಿತ್ಸೆಯವರೆಗೂ ಹೋಗಬಹುದು. ತೊಡೆಯ ಸಂದಿನಲ್ಲಿ ನೋವೆಂದು ಹುಡುಗನು ಹೇಳಿದರೆ ಮನೆಯವರು ಅದನ್ನು ಹಗುರವಾಗಿ ತೆಗೆದುಕೊಳ್ಳದೆ, ಆ ದಿನವೇ ವೈದ್ಯರಿಗೆ ತೋರಿಸೆಂದು ಒತ್ತಾಯಪಡಿಸಬೇಕು.

ಸೈನ್ಯಗಳು ಈ ವಿಷಯದಲ್ಲಿ ಕಣ್ಣು ಮುಚ್ಚಿಕೊಂಡಿಲ್ಲ. ಇಂಗ್ಲೆಂಡಿನ ಲಿಂಪ್‌ಸ್ಟನ್ನಿನಲ್ಲಿ ರಾಯಲ್ ಮರೀನ್ ಪಡೆಯ ತರಬೇತಿಯು ಮೂವತ್ತಕ್ಕೂ ಹೆಚ್ಚು ವಾರಗಳು ನಡೆಯುತ್ತದೆ. ಅದರ ಕೊನೆಯ ಪರೀಕ್ಷೆಗಳಲ್ಲೊಂದು ಡಾರ್ಟ್‌ಮೂರ್ ಬಯಲಿನಲ್ಲಿ ಹೊರೆಹೊತ್ತು ಎಂಟು ಗಂಟೆಗಳೊಳಗೆ 30 ಮೈಲಿಗಳನ್ನು ಕ್ರಮಿಸುವುದು. ಅಷ್ಟು ಕಠಿಣವಾದ ಆ ಕೇಂದ್ರದಲ್ಲಿಯೇ, ಗಾಯಗೊಂಡವರನ್ನು ಮನೆಗೆ ಅಟ್ಟದೆ ಗುಣಪಡಿಸಿ ಮತ್ತೆ ತರಬೇತಿಗೆ ಸೇರಿಸುವುದಕ್ಕಾಗಿ ಹಂಟರ್ ಕಂಪನಿ ಎಂಬ ಪ್ರತ್ಯೇಕ ತಂಡವನ್ನು ಏರ್ಪಡಿಸಿದರು. ಅಮೆರಿಕದ ಮರೀನ್ ಪಡೆಯಲ್ಲಿಯೂ ಇಂಥವರಿಗೆ ಬೇರೆಯ ಪ್ಲಟೂನ್ ಉಂಟು. ಇಸ್ರೇಲಿನಲ್ಲಿ ನಡಿಗೆಯ ದೂರವನ್ನು ತಗ್ಗಿಸಿ, ರಾತ್ರಿ ಆರು ಗಂಟೆಗಳ ನಿದ್ರೆಯನ್ನು ಕಡ್ಡಾಯ ಮಾಡಿದ ಮೇಲೆ ಬಿರುಕುಗಳು ಅರ್ಧಕ್ಕಿಂತಲೂ ಕಡಮೆಯಾದುವು. ನಮ್ಮ ದೇಶದಲ್ಲಿ ಕೇಂದ್ರದ ವೈದ್ಯಾಧಿಕಾರಿಯೂ ಮಿಲಿಟರಿ ಆಸ್ಪತ್ರೆಯೂ ಚಿಕಿತ್ಸೆಯನ್ನು ನೋಡಿಕೊಳ್ಳುತ್ತಾರೆ. ಬಹಳ ದಿನ ತಪ್ಪಿಸಿಕೊಂಡವನನ್ನು ಹಿಂದಿನ ತಂಡಕ್ಕೆ ಸೇರಿಸುವುದುಂಟು. ಇದಕ್ಕೆ ರೆಲಿಗೇಷನ್ ಎಂದು ಹೆಸರು. ಆ ಮಾತು ಶಿಕ್ಷೆಯಂತೆ ಕೇಳಿಸುತ್ತದೆ. ಅದರಲ್ಲಿ ಅಡಗಿರುವುದು ಎರಡನೆಯ ಅವಕಾಶವೆಂಬುದನ್ನು ಮನೆಯವರು ಹುಡುಗನಿಗೆ ತಿಳಿಯಹೇಳಬೇಕು.

ಚಿಕಿತ್ಸೆಯ ಮುಖ್ಯಾಂಶವು ಭಾರವನ್ನು ಇಳಿಸುವುದು. ಎಂದರೆ ಮೈಯೆಲ್ಲ ಸೋಮಾರಿಯಾಗಬೇಕೆಂದಲ್ಲ. ವೈದ್ಯರ ಅನುಮತಿಯಂತೆ ತೋಳು ಬೆನ್ನುಗಳ ವ್ಯಾಯಾಮ, ಈಜು, ಬಳಿಕ ಸೈಕಲ್ಲು, ಅನಂತರ ನಡಿಗೆ, ಎಲ್ಲಕ್ಕೂ ಕೊನೆಯಲ್ಲಿ ಓಟ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಮೇಲೇರಬೇಕು. ಯಾವ ಮೆಟ್ಟಿಲಿನಲ್ಲಿ ನೋವು ಮರಳುತ್ತದೆಯೋ ಅಲ್ಲಿಂದ ಒಂದು ಮೆಟ್ಟಿಲು ಇಳಿಯಬೇಕು. ಓಡು ಎಂದಾಗ ಓಡುವುದು ಶಿಸ್ತಾದರೆ, ನಿಲ್ಲು ಎಂದಾಗ ನಿಲ್ಲುವುದೂ ಶಿಸ್ತೇ. ಇಪ್ಪತ್ತು ವರ್ಷದ ಹುಡುಗನಿಗೆ ಎರಡನೆಯದೇ ಹೆಚ್ಚು ಕಷ್ಟ.

ಇನ್ನು ಮನಸ್ಸಿನ ವಿಚಾರ. ಎಲುಬಿಗೆ ಬಿಡುವು ದೊರೆತ ಕ್ಷಣದಿಂದ ಮನಸ್ಸಿಗೆ ಬಿಡುವಿಲ್ಲ. ನಿನ್ನೆಯವರೆಗೆ ಒಂದೇ ಸಾಲಿನಲ್ಲಿ ನಿಂತು, ಒಂದೇ ತಟ್ಟೆಯಲ್ಲಿ ಉಂಡ ಸಂಗಡಿಗರು ಮುಂದೆ ಸಾಗುತ್ತಾರೆ. ಅವರು ಕಸಮ್ ಪೆರೇಡಿನಲ್ಲಿ ಪ್ರತಿಜ್ಞೆಯನ್ನು ಕೈಕೊಳ್ಳುವ ದಿನ ಇವನು ಬ್ಯಾಂಡಿನ ಧ್ವನಿಯನ್ನು ದೂರದಿಂದ ಕೇಳುತ್ತ ಕುಳಿತಿರುತ್ತಾನೆ. ಮನೆಯ ನೆರವು ಅವನಿಗೆ ಮಿಕ್ಕೆಲ್ಲ ಹೊತ್ತಿಗಿಂತ ಹೆಚ್ಚಾಗಿ ಬೇಕಾಗುವುದು ಆಗ.

ನಮ್ಮ ಮನೆಗಳಿಂದ ಹೋಗುವ ಕಾಗದ ಹೇಗಿರುತ್ತದೆ? ಒಬ್ಬ ತಂದೆಯನ್ನು ಕಲ್ಪಿಸಿಕೊಳ್ಳೋಣ. ಅವರು ಬರೆಯುತ್ತಾರೆ: “ಮಗು, ನಿನ್ನ ಕಾಲಿನ ಸಮಾಚಾರ ತಿಳಿದು ಎದೆಯೊಡೆಯಿತು. ನೀನು ಸೇರಿದಾಗ ಊರಿಗೆಲ್ಲ ಸಿಹಿ ಹಂಚಿದೆವು. ಈಗ ಕೇಳಿದವರಿಗೆ ಏನು ಹೇಳಲಿ? ನಿನ್ನ ಸಂಗಡ ಹೋದ ಪಟೇಲರ ಮಗ ಚೆನ್ನಾಗಿದ್ದಾನಂತೆ. ಹೇಗಾದರೂ ಸಹಿಸಿಕೊಂಡು ಮುಗಿಸಿಬಿಡು.” ಇದರ ಒಂದೊಂದು ವಾಕ್ಯವೂ ಪ್ರೀತಿಯಿಂದಲೇ ಹೊರಟದ್ದು, ಒಂದೊಂದೂ ಆ ಹುಡುಗನ ಬೆನ್ನಿನ ಹೊರೆಗೆ ಇನ್ನೊಂದು ಕಲ್ಲನ್ನು ಸೇರಿಸುತ್ತದೆ. ತಂದೆಯ ಎದೆ, ಊರಿನ ಸಿಹಿ, ಪಟೇಲರ ಮಗ, ಎಲ್ಲವನ್ನೂ ಅವನೇ ಹೊರಬೇಕು. ಕಟ್ಟಕಡೆಯ ಸಲಹೆಯಂತೂ ವೈದ್ಯರ ಆಜ್ಞೆಗೆ ನೇರವಾದ ವಿರೋಧ.

ಅದೇ ತಂದೆ ಹೀಗೂ ಬರೆಯಬಹುದು: “ಮಗು, ನೀನು ನಿಜವನ್ನು ತಿಳಿಸಿದೆ, ಸಂತೋಷ. ಡಾಕ್ಟರು ಎಂಟು ವಾರ ಎಂದಿದ್ದರೆ ಎಂಟು ವಾರವೇ. ಹಿತ್ತಲ ಗೋಡೆ ಹಸಿಯಿರುವಾಗಲೇ ಮೇಲೆ ಸೌದೆ ಪೇರಿಸಿ ಕೆಡಿಸಿದೆವಲ್ಲ, ನೆನಪಿದೆಯೆ? ಕಾಲೂ ಹಾಗೆಯೇ. ಊರಿನಲ್ಲಿ ಕೇಳಿದವರಿಗೆ ಉತ್ತರ ಹೇಳುವುದು ನನ್ನ ಕೆಲಸ. ಆ ಯೋಚನೆಯನ್ನು ನೀನು ಬಿಡು. ಕೆಂದಾವರೆ ಹಸು ಕರು ಹಾಕಿದೆ. ನಿನ್ನವ್ವ ಗಿಣ್ಣು ಮಾಡಿ ನಿನ್ನನ್ನು ನೆನೆದಳು. ಮುಂದಿನ ಸಲ ಡಾಕ್ಟರು ಏನೆಂದರೆಂಬುದನ್ನು ಬರೆ.” ಇದರಲ್ಲಿ ದೊಡ್ಡ ಉಪದೇಶವಿಲ್ಲ. ಆದರೆ ಹುಡುಗನು ಇದನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡಾನು. ಕಾಗದದ ಸ್ಥಾನವನ್ನು ದೂರವಾಣಿಯು ಹಿಡಿದಿರುವ ಈ ಕಾಲದಲ್ಲಿಯೂ ಮಾತು ಅದೇ. ತರಬೇತಿಯವನಿಗೆ ಮಾತಾಡಲು ಸಿಕ್ಕುವ ಸಮಯ ಸ್ವಲ್ಪ. ಆ ಸ್ವಲ್ಪವನ್ನು ಅಳುವಿನಲ್ಲಿಯೂ ವಿಚಾರಣೆಯಲ್ಲಿಯೂ ಕಳೆಯಬಾರದು.

ಮಾಡಬಾರದ ಕೆಲವು ಉಪಕಾರಗಳೂ ಉಂಟು. ನೋವು ಮರೆಸುವ ಮಾತ್ರೆಗಳನ್ನು ಗುಟ್ಟಾಗಿ ಕಳುಹಿಸಬಾರದು. ನೋವು ಮರೆಯಾದರೆ ಎಚ್ಚರಿಕೆಯ ಗಂಟೆಯನ್ನು ಕಟ್ಟಿಹಾಕಿದಂತೆ. ಬಿರುಕಿದ್ದೆಡೆ ಬಲವಾಗಿ ಎಣ್ಣೆಯುಜ್ಜಿಕೊಳ್ಳೆಂದು ಹೇಳಬಾರದು. ಬೀಡಿ ಸಿಗರೇಟುಗಳು ಎಲುಬು ಕೂಡುವುದನ್ನು ತಡಮಾಡುತ್ತವೆ. ಅವನಿಗೆ ಆ ಅಭ್ಯಾಸವಿದ್ದರೆ ಬಿಡಿಸುವುದಕ್ಕೆ ಇದೇ ಸಮಯ. ಆಹಾರದ ವಿಷಯದಲ್ಲಿ, ಅಮೆರಿಕದ ನೌಕಾಪಡೆಯ ಹೊಸ ಹೆಣ್ಣುಮಕ್ಕಳಿಗೆ ದಿನವೂ 2000 ಮಿಲಿಗ್ರಾಂ ಸುಣ್ಣದಂಶವನ್ನೂ 800 ಯೂನಿಟ್ ಡಿ ಜೀವಸತ್ವವನ್ನೂ ಕೊಟ್ಟಾಗ ಬಿರುಕುಗಳು ಶೇಕಡ 20ರಷ್ಟು ಕಡಮೆಯಾದುವೆಂದು 2008ರಲ್ಲಿ ಪ್ರಕಟವಾಯಿತು. ನಮ್ಮ ರಾಗಿಯಲ್ಲಿಯೂ ಹಾಲಿನಲ್ಲಿಯೂ ಸುಣ್ಣದಂಶವು ಯಥೇಚ್ಛವಾಗಿದೆ. ಸೈನ್ಯಕ್ಕೆ ಸೇರಬೇಕೆಂದಿರುವ ಮಕ್ಕಳಿಗೆ ಇದನ್ನು ಮೊದಲೇ ಉಣಿಸಿ, ಹಲವು ತಿಂಗಳು ಮುಂಚಿನಿಂದ ಮೆಲ್ಲಮೆಲ್ಲನೆ ಓಟವನ್ನು ರೂಢಿಸುವುದು ಉತ್ತಮ. ಬಿರುಕು ಬಿಟ್ಟ ಮೇಲೆ ಮಾತ್ರೆಗಳ ಪ್ರಮಾಣವನ್ನು ವೈದ್ಯರೇ ನಿರ್ಣಯಿಸತಕ್ಕದ್ದು.

ಹುಡುಗನ ಮಾತಿನಲ್ಲಿ ಬದುಕಿನ ಮೇಲೆಯೇ ಬೇಸರ ಕಂಡರೆ, ಅಥವಾ ಅವನು ಮಾತನ್ನೇ ನಿಲ್ಲಿಸಿದರೆ, ಸುಮ್ಮನಿರಕೂಡದು. ಕೇಂದ್ರದ ಅಧಿಕಾರಿಗಳಿಗೆ ಕೂಡಲೆ ತಿಳಿಸುವುದು ಚಾಡಿಯಲ್ಲ, ರಕ್ಷಣೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರ್ಕಾರದ ಸೇವೆಗೆ 14416 ಎಂಬ ಸಂಖ್ಯೆಯಲ್ಲಿ ಕರೆಮಾಡಿದರೆ ಕನ್ನಡದಲ್ಲಿಯೇ ಸಲಹೆ ದೊರೆಯುತ್ತದೆ. ಹುಡುಗನಿಗೆ ಮಾತ್ರವಲ್ಲ, ಕಂಗೆಟ್ಟ ತಾಯಿತಂದೆಗಳಿಗೂ ಅದು ತೆರೆದ ಬಾಗಿಲು.

ಕೊನೆಯದಾಗಿ, ಎಲ್ಲ ಕಾಲುಗಳೂ ಸೈನ್ಯವು ಕೇಳುವಷ್ಟು ಗಟ್ಟಿಯಾಗಿ ಕೂಡುವುದಿಲ್ಲ. ಕೆಲವರು ಸಮವಸ್ತ್ರವನ್ನು ಬಿಚ್ಚಿ ಮನೆಗೆ ಬರಬೇಕಾಗುತ್ತದೆ. ಹಾಗೆ ಬಂದವನು ಬಸ್ಸಿನಿಂದ ಇಳಿದಾಗ, ಮನೆಯವರ ಮುಖದಲ್ಲಿ ಅವನು ಮೊದಲು ಓದುವುದೇನು? ಅದರ ಮೇಲೆ ಅವನ ಮುಂದಿನ ಹಲವು ವರ್ಷಗಳು ನಿಂತಿರುತ್ತವೆ. ಸೈನ್ಯವು ಅವನ ಕಾಲನ್ನು ಅಳೆಯಿತು. ಅದು ಅದರ ಕರ್ತವ್ಯ. ಮನೆಯು ಅಳೆಯುವ ಜಾಗವಲ್ಲ.

ನಾವು ಕಾಗದ ಬರೆಯುವಾಗ “ಇಲ್ಲಿ ಎಲ್ಲರೂ ಕ್ಷೇಮ, ನಿನ್ನ ಕ್ಷೇಮಕ್ಕೆ ಬರೆಯುವುದು” ಎಂದು ಮೊದಲುಮಾಡುವುದು ವಾಡಿಕೆ. ಹುಡುಗನೂ ಹಲ್ಲು ಕಚ್ಚಿಕೊಂಡು “ನಾನು ಕ್ಷೇಮ” ಎಂದು ಬರೆಯುತ್ತಾನೆ. ಇಲ್ಲದ್ದನ್ನು ಪಡೆಯುವುದು ಯೋಗ, ಪಡೆದದ್ದನ್ನು ಕಾಪಾಡಿಕೊಳ್ಳುವುದು ಕ್ಷೇಮ ಎಂದು ಹಿರಿಯರು ಈ ಎರಡು ಮಾತುಗಳಿಗೆ ಅರ್ಥ ಹೇಳಿದ್ದಾರೆ. ಸೈನ್ಯದಲ್ಲಿ ಸ್ಥಾನವನ್ನು ಪಡೆದದ್ದು ಅವನ ಯೋಗ. ಆ ಕಾಲನ್ನೂ ಆ ಮನಸ್ಸನ್ನೂ ಕಾಪಾಡಿಕೊಳ್ಳುವುದು ಕ್ಷೇಮ; ಅದರಲ್ಲಿ ಅರ್ಧ ಪಾಲು ನಮ್ಮದು. ಕ್ಷೇಮವಿಲ್ಲದಾಗ ಇಲ್ಲವೆಂದು ಅಳುಕದೆ ಬರೆಯುವ ಧೈರ್ಯವನ್ನು ಅವನಿಗೆ ಕೊಟ್ಟೆವಾದರೆ, ಆ ನಮ್ಮ ಪಾಲನ್ನು ಸಲ್ಲಿಸಿದಂತಾಯಿತು.