ಕೊಸರು ಯಾರ ಕೈಯಲ್ಲಿ?
(ಕಾಸರಕೋಡದಲ್ಲಿ ರೈತರ ಮುಂದೆ ಆಡಿದ ಮಾತು)



ಇವತ್ತು ಒಂದೇ ಒಂದು ಶಬ್ದ ಹಿಡಿದು ಮಾತಾಡ್ತೇನೆ: ಕೊಸರು. ಅಳೆದು ತೂಗಿ ಕೊಟ್ಟ ಮೇಲೆ ಮತ್ತೆ ಚೂರು ಹೆಚ್ಚಿಗೆ ಹಾಕುತ್ತಾರಲ್ಲ, ಅದೇ ಕೊಸರು. ಮೀನು ಮಾರುವ ಹೆಂಗಸು ಪಾಲಿನ ಮೇಲೆ ಒಂದು ಬಂಗಡೆ ಇಟ್ಟರೆ ಕೊಸರು. ಹರಿವೆ ಸೊಪ್ಪಿನ ಕಟ್ಟಿನ ಜೊತೆ ನಾಲ್ಕು ಹಸಿಮೆಣಸು ಬಂದರೆ ಕೊಸರು. ಕೇಳಿದವರಿಗೆ ನಾಚಿಕೆಯಿಲ್ಲ, ಕೊಟ್ಟವರಿಗೆ ಬೇಸರವಿಲ್ಲ. ಕೊಡಬೇಕೋ ಬೇಡವೋ ಎಂಬುದು ಮಾತ್ರ ಮಾರುವವರಿಗೆ ಬಿಟ್ಟದ್ದು.

ಈಗ ನಾವು ಮಾರುವವರಾದಾಗ ನೋಡಿ ಮಾರಾಯ್ರೆ! ತೆಂಗಿನಕಾಯಿ ಎಣಿಸುವಾಗ ನೂರರ ಮೇಲೆ ಒಂದೆರಡು ಕಾಯಿ. ಭತ್ತ ತೂಗುವಾಗ ಕ್ವಿಂಟಲಿನ ಮೇಲೆ ಒಂದೆರಡು ಕಿಲೋ. ಚೀಲದ ತೂಕ ಕಳೆಯಲಿ, ಅದು ನ್ಯಾಯ. ಅದರ ಮೇಲೂ ಕಳೆದರೆ? ಆಗ ಕೊಸರನ್ನು ನಾವು ಕೊಡುವುದಲ್ಲ, ಅವರು ತೆಗೆದುಕೊಳ್ಳುವುದು. ಹೆಸರು ಮಾತ್ರ ಹಳೆಯದೇ.

ಲೆಕ್ಕ ಹಾಕುವಾ. ಸಾಮಾನ್ಯ ಭತ್ತದ ಬೆಂಬಲ ಬೆಲೆ 2024-25ರಲ್ಲಿ ಕ್ವಿಂಟಲಿಗೆ 2,300 ರೂಪಾಯಿ. 2025-26ಕ್ಕೆ 2,369. ಹೆಚ್ಚಿದ್ದು 69 ರೂಪಾಯಿ. ಆ ಬೆಲೆಯಲ್ಲೇ ಮಾರಿ, ಎರಡು ಕಿಲೋ ಕೊಸರು ಬಿಟ್ಟುಕೊಟ್ಟಿರಿ ಅನ್ನಿ: 47 ರೂಪಾಯಿ 38 ಪೈಸೆ ಹೋಯಿತು. ವರ್ಷದ ಏರಿಕೆಯಲ್ಲಿ ಉಳಿದದ್ದು 21 ರೂಪಾಯಿ 62 ಪೈಸೆ. ಇಪ್ಪತ್ತು ಕ್ವಿಂಟಲಿಗೆ 947 ರೂಪಾಯಿ 60 ಪೈಸೆ, ಯಾವ ಚೀಟಿಯಲ್ಲೂ ಇಲ್ಲದೆ ಕರಗುತ್ತದೆ. ನಾವು ಯೂರಿಯಾ ಕೊಳ್ಳುವಾಗ 45 ಕಿಲೋ ಚೀಲದ ಮೇಲೆ ಒಂದು ಹಿಡಿ ಕೊಸರು ಕೇಳಿ ನೋಡಿ, ನಗುತ್ತಾರೆ.

ಸಾಲದಲ್ಲೂ ಇದೇ ಕಥೆ. "ಬರೀ ಎರಡು ರೂಪಾಯಿ ಬಡ್ಡಿ" ಅಂತಾರೆ. ತಿಂಗಳಿಗೆ ನೂರಕ್ಕೆ ಎರಡೆಂದರೆ ವರ್ಷಕ್ಕೆ ಇಪ್ಪತ್ತನಾಲ್ಕು. ಕೊಸರಿನಲ್ಲಿ ಹೋದ ದುಡ್ಡು ಸಾಲವಾಗಿ ತಿರುಗಿ ಬಂದರೆ ಈ ಬಡ್ಡಿಯನ್ನೂ ಹೊತ್ತುಕೊಂಡೇ ಬರುತ್ತದೆ. ಚಿಕ್ಕ ಮಾತು ಕೇಳಿ ಚಿಕ್ಕ ಮೊತ್ತ ಎಂದು ತಿಳಿಯಬೇಡಿ.

ಹಾಗಾದರೆ ಎಂತ ಮಾಡುವುದು? ಮನೆಯಲ್ಲೇ ತೂಗಿ, ಬರೆದಿಟ್ಟುಕೊಂಡು ಹೊರಡಿ. ಬಿಳಿ ಚೀಟಿ ಮುಟ್ಟಬೇಡಿ. ತೂಕ, ದರ, ಕಡಿತ ಮೂರೂ ಬರೆದ ಪಕ್ಕಾ ಲೆಕ್ಕಪಟ್ಟಿ ಕೇಳಿ. ಇಂಥ ಮನಸೋಯಿಚ್ಛೆ ಕಡಿತಕ್ಕೆ ಕಡಿವಾಣ ಹಾಕಲೆಂದೇ 1966ರ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯ್ದೆ ಬಂದದ್ದು. ಒಬ್ಬನೇ ಕೇಳಿದರೆ "ಬೇಕಾದರೆ ಕೊಡು, ಇಲ್ಲದಿದ್ದರೆ ವಾಪಸು ಹೊರು" ಅಂತಾರೆ. ಬಾಡಿಗೆ ಗಾಡಿಯಲ್ಲಿ ತಂದವ ವಾಪಸು ಹೊರುವುದೆಲ್ಲಿಗೆ? ಹತ್ತು ಜನ ಒಟ್ಟಿಗೆ ಮಾಲು ಒಯ್ದು, ಒಟ್ಟಿಗೆ ಕೇಳಿ.

ಕೊಸರು ಎಂಬ ಮಾತಿಗೆ ಇನ್ನೊಂದು ಅರ್ಥವೂ ಉಂಟು. ಹಿಡಿದ ಕೈಯಿಂದ ಬಿಡಿಸಿಕೊಳ್ಳುವುದಕ್ಕೂ ಕೊಸರುವುದು ಅಂತಲೇ ಹೇಳುತ್ತೇವೆ. ಮೊದಲನೆಯ ಕೊಸರನ್ನು ಇಷ್ಟು ವರ್ಷ ಕೊಟ್ಟಾಯಿತು. ಈ ಸುಗ್ಗಿಯಿಂದ ಎರಡನೆಯದನ್ನು ಶುರು ಮಾಡುವಾ.